ಸ್ಟಿಕರ್ ಅಂಟಿಸದ ಚಿತ್ರ

ತಮ್ಮನ ಮನೆಯ ಸೋಫಾದ ಮೇಲಿನ ಗೋಡೆಯಲ್ಲಿ ಚಿತ್ರ ಇರಲಿಲ್ಲ. ಫೆನ್ನಾ ಅದನ್ನು ಬಾಗಿಲಲ್ಲೇ ಗಮನಿಸಿದಳು. ಆದರೆ ಸುತ್ತ ಕುರ್ಚಿ ಹಾಕಿಕೊಂಡು ಕೂತಿದ್ದವರೆಲ್ಲರ ಕೈ ಕುಲುಕುವುದು ಮುಗಿಯದೆ ಬೇರೆ ಏನನ್ನೂ ಮಾಡುವಂತಿರಲಿಲ್ಲ. "ನಿಮ್ಮ ಭಾವನ ಹುಟ್ಟುಹಬ್ಬಕ್ಕೆ ಶುಭಾಶಯ. ನಿಮ್ಮ ಪಕ್ಕದ ಮನೆಯವರ ಹುಟ್ಟುಹಬ್ಬಕ್ಕೆ ಶುಭಾಶಯ." ಹುಟ್ಟಿದವನು ಒಬ್ಬ, ಶುಭಾಶಯ ಊರಿಗೆಲ್ಲ. ನಮ್ಮ ಕಡೆ ಇದನ್ನು ಬಿಟ್ಟು ಹುಟ್ಟುಹಬ್ಬ ಮಾಡಿದವರು ಯಾರೂ ಇಲ್ಲ. ಕೊನೆಯ ಕೈ ಕುಲುಕಿ ತನಗೆಂದು ಖಾಲಿ ಬಿಟ್ಟಿದ್ದ ಕುರ್ಚಿಯಲ್ಲಿ ಅವಳು ಕೂತಾಗ ತಮ್ಮನ ಹೆಂಡತಿ ಗ್ರೀತ್ ಕಾಫಿಯನ್ನೂ ಒಂದು ತುಂಡು ಸೇಬಿನ ಕೇಕನ್ನೂ ತಂದು ಕೈಗಿಟ್ಟಳು.

ಕೇಕ್ ತಿನ್ನುತ್ತಲೇ ಫೆನ್ನಾ ಮನೆಯನ್ನೆಲ್ಲ ಕಣ್ಣಲ್ಲೇ ಸೋಸಿದಳು. ಸೋಫಾದ ಮೇಲಿನ ಗೋಡೆಯಲ್ಲಿ ಗಡಿಯಾರವಿತ್ತು. ಊಟದ ಮೇಜಿನ ಹತ್ತಿರ ಮೊಮ್ಮಕ್ಕಳ ಫೋಟೋಗಳಿದ್ದವು. ಶೌಚಕ್ಕೆ ಹೋಗುವ ನೆಪ ಮಾಡಿ ಹಜಾರವನ್ನೂ ಮೆಟ್ಟಿಲ ಪಕ್ಕವನ್ನೂ ನೋಡಿ ಬಂದಳು. ಶೌಚದ ಕೋಣೆಯಲ್ಲಿ ಎಲ್ಲರ ಹುಟ್ಟಿದ ದಿನ ಬರೆದ ಕ್ಯಾಲೆಂಡರ್ ಮಾತ್ರ ತೂಗುತ್ತಿತ್ತು. ಮಹಡಿ ಹತ್ತಿ ಮಲಗುವ ಕೋಣೆಗೆ ಇಣುಕುವಷ್ಟು ಸಲಿಗೆ ಅವಳಿಗಿರಲಿಲ್ಲ, ಒಡಹುಟ್ಟಿದವನ ಮನೆಯಾದರೂ ಸರಿಯೆ. ಅಮ್ಮನ ಚಿತ್ರವನ್ನು ತಮ್ಮ ವುಬ್ಬೊ ಎಲ್ಲಿ ಹಾಕಿದ್ದಾನೋ ಎಂದು ನೋಡುವ ಒಂದೇ ಆಸೆಗೆ ಅವಳು ಅವನ ಈ ಹುಟ್ಟುಹಬ್ಬವನ್ನು ಬೇಸಿಗೆಯಿಡೀ ಕಾದಿದ್ದಳು.

ಅಮ್ಮ ರುಲ್ಫಿನಾ ವಸಂತದಲ್ಲಿ ತೀರಿಕೊಂಡಿದ್ದಳು. ತುಂಬು ವಯಸ್ಸು, ನಿದ್ದೆಯಲ್ಲೇ ಹೋದಳು, ಅಳುವುದಕ್ಕೂ ಹೆಚ್ಚು ಕಾರಣ ಕೊಡಲಿಲ್ಲ. ಅವಳಿದ್ದ ಬಾಡಿಗೆ ಫ್ಲ್ಯಾಟನ್ನು ಬೇಗ ಖಾಲಿ ಮಾಡಬೇಕಿತ್ತು. ಅಕ್ಕ ತಮ್ಮ ಇಬ್ಬರೂ ಸ್ಟಿಕರ್ ಹಾಳೆ ಹಿಡಿದು ಹೋದರು, ಅಕ್ಕನಿಗೆ ಹಳದಿ, ತಮ್ಮನಿಗೆ ಹಸಿರು. ಬೇಕಾದ ಸಾಮಾನಿಗೆ ತಮ್ಮ ಬಣ್ಣ ಅಂಟಿಸುವುದು, ಉಳಿದದ್ದನ್ನು ಹಳೆ ಸಾಮಾನಿನ ಅಂಗಡಿಯವರು ವ್ಯಾನಿನಲ್ಲಿ ತುಂಬಿಕೊಂಡು ಹೋಗುವುದು. ಜಗಳ ಆಗಬಾರದೆಂದು ಯಾರೋ ಜಾಣರು ಮಾಡಿದ ಏರ್ಪಾಡು ಇದು. ಇವರಿಬ್ಬರ ವಿಷಯದಲ್ಲಿ ಅದು ಅಗತ್ಯಕ್ಕಿಂತ ಹೆಚ್ಚಾಗಿಯೇ ಕೆಲಸ ಮಾಡಿತು.

"ಈ ಕಪಾಟು ನಿನಗೆ ಬೇಕಾ?"

"ಬೇಡಪ್ಪ. ನಿನಗೆ ಬೇಕಿದ್ರೆ ತಗೋ."

"ನನಗೇನೂ ಅಂಥಾ ಇದಿಲ್ಲ. ನೀನೇ ತಗೋ."

ಕಪಾಟು ಯಾರಿಗೂ ಸಿಗಲಿಲ್ಲ. ಬೇಕು ಎನ್ನುವ ಮಾತು ನಮ್ಮ ಕಾಲುವೆ ಸೀಮೆಯವರ ಬಾಯಿಂದ ಹಲ್ಲು ಕಿತ್ತ ಹಾಗೆ ಬರಬೇಕು. ಅದರಲ್ಲೂ ರುಲ್ಫಿನಾಳ ಮಕ್ಕಳಿಗೆ ಅದು ಬರುವುದೇ ಇಲ್ಲ. ತಟ್ಟೆಯಲ್ಲಿ ಕೊನೆಯ ಆಲೂಗಡ್ಡೆ ತಣ್ಣಗಾಗಿ ಹೋದರೂ ಒಬ್ಬರು ಇನ್ನೊಬ್ಬರಿಗೆಂದು ಬಿಟ್ಟುಕೊಡುತ್ತಿದ್ದ ಮಕ್ಕಳು ಅವರು.

ಚಿತ್ರದ ಮುಂದೆ ಫೆನ್ನಾ ಆವತ್ತು ಹಳದಿ ಸ್ಟಿಕರನ್ನು ಬೆರಳ ತುದಿಯಲ್ಲಿಟ್ಟುಕೊಂಡು ನಿಂತಿದ್ದಳು. ತಮ್ಮ ಅಡುಗೆಮನೆಯಲ್ಲಿದ್ದ. ಅಂಟಿಸಿಬಿಟ್ಟಿದ್ದರೆ ಒಂದು ನಿಮಿಷದ ಕೆಲಸ. ಆದರೆ ತಾನು ದೊಡ್ಡವಳು. ಅವನು ಚಿಕ್ಕಂದಿನಲ್ಲಿ ಉಬ್ಬಸದಿಂದ ನರಳಿದವನು, ಅವನಿಗೆ ಬೇಕಾದ್ದನ್ನು ತಾನು ಮೊದಲು ಮುಟ್ಟಬಾರದು ಎಂದು ಅವಳಿಗೆ ಅಭ್ಯಾಸವಾಗಿಹೋಗಿತ್ತು. ನಾನು ಹೋದ ಮೇಲೆ ಹಸಿರು ಅಂಟಿಸಿಕೊಳ್ಳುತ್ತಾನೆ ಬಿಡು ಎಂದುಕೊಂಡು ಸ್ಟಿಕರನ್ನು ಒಂದು ಸಕ್ಕರೆ ಡಬ್ಬಿಗೆ ಅಂಟಿಸಿ ಮನೆಗೆ ಹೋದಳು. ಆ ಡಬ್ಬಿ ಅವಳಿಗೆ ಇವತ್ತಿಗೂ ಉಪಯೋಗಕ್ಕೆ ಬಂದಿಲ್ಲ.

ಅದು ಅವರ ಸೇತುವೆಯ ಚಿತ್ರ. ಅಪ್ಪ ರಟ್ಟಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಕಾಲುವೆಯ ಎತ್ತುವ ಸೇತುವೆಯ ಉಸ್ತುವಾರಿ ಸರ್ಕಾರಿ ಕಾಗದದಲ್ಲಿ ಅಪ್ಪನ ಹೆಸರಿನಲ್ಲಿದ್ದರೂ ಸರಪಳಿ ಎಳೆದು ಅದನ್ನು ಎತ್ತಿ ದೋಣಿಗಳಿಗೆ ದಾರಿ ಬಿಡುತ್ತಿದ್ದವಳು ಅಮ್ಮ. ದೋಣಿ ಬಂತೆಂದರೆ ಒಲೆಯ ಮೇಲಿದ್ದದ್ದನ್ನು ಬಿಟ್ಟು ಓಡುವಳು. ಒಂದು ಬೇಸಿಗೆ ರಜೆಯಲ್ಲಿ ಪಟ್ಟಣದ ಡ್ರಾಯಿಂಗ್ ಮೇಷ್ಟ್ರೊಬ್ಬರು ಸೈಕಲ್ಲಿನಲ್ಲಿ ಬಂದು ದಡದ ಮೇಲೆ ಕೂತು ದಿನವೂ ಬರೆದರು, ದಿನವೂ ಅಮ್ಮನ ಕೈಯ ಕಾಫಿ ಕುಡಿದರು, ಹೋಗುವಾಗ ಚಿತ್ರವನ್ನು ಅವಳಿಗೇ ಕೊಟ್ಟು ಹೋದರು. ಮುಕ್ಕಾಲು ಪಾಲು ಆಕಾಶ, ಅದರ ಕೆಳಗೆ ನೆಟ್ಟಗೆ ಹೋಗುವ ಕಾಲುವೆ, ಬಿಳಿ ತೊಲೆಗಳ ಸೇತುವೆ, ಸೇತುವೆಯ ಮೇಲೆ ಏಪ್ರನ್ ಕಟ್ಟಿಕೊಂಡ ಸಣ್ಣ ಹೆಂಗಸು. "ಇಷ್ಟು ನೀಲಿ ನೀರು ನಮ್ಮ ಕಾಲುವೇಲಿ ಯಾವಾಗ ಇತ್ತು? ಮೇಷ್ಟ್ರಿಗೆ ಮೂಗಿಲ್ವಾ?" ಎಂದು ಅಪ್ಪ ನಕ್ಕಿದ್ದ. ಅವನು ಹೇಳಿದ್ದು ನಿಜವೇ. ಶರತ್ಕಾಲ ಬಂತೆಂದರೆ ಆಲೂಗಡ್ಡೆ ಹಿಟ್ಟಿನ ಕಾರ್ಖಾನೆಗಳು ಬಿಟ್ಟ ನೀರಿಗೆ ಕಾಲುವೆ ಕಂದು ನೊರೆ ಕಟ್ಟಿ ನಾರುತ್ತಿತ್ತು, ಒಗೆದ ಬಟ್ಟೆಗೂ ಅದೇ ವಾಸನೆ. ಆಮೇಲೆ ಲಾರಿಗಳು ಬಂದವು, ಕಾಲುವೆಗೆ ಮರಳು ತುಂಬಿ ರಸ್ತೆ ಮಾಡಿದರು, ಸೇತುವೆಯನ್ನು ಕಿತ್ತು ಸೌದೆಗೆ ಮಾರಿದರು. ಈಗ ಆ ನಾತಕ್ಕೂ ಫೆನ್ನಾ ಹಂಬಲಿಸುತ್ತಾಳೆ.

ಆ ಚಿತ್ರದಲ್ಲಿ ಅಮ್ಮನ ಪಕ್ಕ ಒಂದು ಕೆಂಪು ಬಣ್ಣದ ಚುಕ್ಕೆಯಿತ್ತು. ತಮ್ಮನ ಉಬ್ಬಸ ಜೋರಾಗಿದ್ದ ಒಂದು ಚಳಿಗಾಲದಲ್ಲಿ, ಅಮ್ಮ ಹಗಲೂ ರಾತ್ರಿ ಅವನ ಹಾಸಿಗೆಯ ಹತ್ತಿರವೇ ಇರುತ್ತಿದ್ದಾಗ, ಫೆನ್ನಾ ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದಳು. ಅಮ್ಮ ಬಂದು ಅವಳ ಗಲ್ಲ ಹಿಡಿದು ಚಿತ್ರದ ಕಡೆ ತಿರುಗಿಸಿ, "ನೋಡಲ್ಲಿ, ನನ್ನ ಪಕ್ಕ ನಿಂತಿರೋದು ಯಾರು? ಕೆಂಪು ಕೋಟು ಹಾಕ್ಕೊಂಡು? ನೀನೇ ಕಣೇ" ಅಂದಿದ್ದಳು. ಅಮ್ಮ ಪೂರ್ತಿ ತನ್ನವಳಾಗಿದ್ದ ಒಂದು ಗಳಿಗೆ ಆ ಚಿತ್ರದಲ್ಲಿದೆ ಎಂದು ಫೆನ್ನಾ ಅಂದಿನಿಂದ ನಂಬಿದ್ದಳು. ಅದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ, ತನ್ನ ಗಂಡ ಬದುಕಿದ್ದಾಗ ಅವನಿಗೂ.

ವುಬ್ಬೊ ಅಡುಗೆಮನೆಯಲ್ಲಿ ಚೀಸ್ ಕತ್ತರಿಸುತ್ತಿದ್ದಾಗ ಅವಳು ಒಳಗೆ ಹೋದಳು.

"ಚಿತ್ರ ಎಲ್ಲಿ ಹಾಕಿದೀಯೋ?"

"ಯಾವ ಚಿತ್ರ?"

"ಯಾವ ಚಿತ್ರ ಅಂತ ಬೇರೆ ಕೇಳ್ತೀಯಲ್ಲ. ನಮ್ಮ ಸೇತುವೆ."

ಅವನ ಚಾಕು ಚೀಸಿನ ನಡುವೆಯೇ ನಿಂತಿತು. "ಅದು ನಿನ್ನ ಮನೇಲಿದೆಯಲ್ಲಕ್ಕ."

"ನನ್ನ ಮನೇಲಿ? ನಾನ್ಯಾವಾಗ ತಗೊಂಡೆ?"

"ನಾನು ಬೀಗದ ಕೈ ವಾಪಸ್ ಕೊಡೋಕೆ ಹೋದಾಗ ಗೋಡೆ ಖಾಲಿ ಇತ್ತು. ಅಕ್ಕ ಬಂದು ಇಳಿಸ್ಕೊಂಡು ಹೋಗಿರಬೇಕು ಅಂದ್ಕೊಂಡೆ. ನಿನಗಿರಲಿ ಅಂತಾನೇ ನಾನು ಸ್ಟಿಕರ್ ಅಂಟಿಸ್ಲಿಲ್ಲ."

"ನಿನಗಿರಲಿ ಅಂತ ನಾನೂ ಅಂಟಿಸ್ಲಿಲ್ಲ ಕಣೋ."

ಇಬ್ಬರೂ ಕತ್ತರಿಸಿದ ಚೀಸನ್ನೇ ನೋಡುತ್ತ ನಿಂತರು. ಸಾಸಿವೆ ಬಾಟಲಿಗೆಂದು ಬಂದ ಗ್ರೀತ್, "ಏನ್ರೀ ಇಬ್ರೂ ಚೀಸಿಗೆ ಮೌನ ಆಚರಿಸ್ತಾ ಇದೀರಾ? ಹೊರಗಡೆ ಜನ ಹಸ್ಕೊಂಡು ಕೂತಿದಾರೆ" ಅಂದಳು. ವಿಷಯ ಕೇಳಿದ ಮೇಲೆ ಅವಳ ತಮಾಷೆ ಇಳಿಯಿತು. "ಒಂದು ಮಾತು, ಫೆನ್ನಕ್ಕ. ಬಾಯಿಬಿಟ್ಟು ಒಂದೇ ಒಂದು ಮಾತು ಆಡೋಕಾಗ್ಲಿಲ್ವಾ ನಿಮ್ಮಿಬ್ಬರಿಗೆ? ಈ ಮನೆಗೆ ಸೊಸೆಯಾಗಿ ಬಂದಾಗಿಂದ ನೋಡ್ತಿದೀನಿ. ನೀನು ಮೊದಲು, ನೀನು ಮೊದಲು ಅಂತ ಇಬ್ರೂ ಬಾಗಿಲಲ್ಲೇ ನಿಂತಿರ್ತೀರಿ."

ಅಮ್ಮನನ್ನು ಮಣ್ಣು ಮಾಡಿದ ದಿನ ಬಾರದ ಅಳು ಫೆನ್ನಾಳಿಗೆ ಆಗ ಬಂತು. ಹುಟ್ಟುಹಬ್ಬದ ಮನೆಯಲ್ಲಿ ಅಳಬಾರದೆಂದು ಅವಳು ಪಾತ್ರೆ ಒರೆಸುವ ಬಟ್ಟೆಯನ್ನು ಬಾಯಿಗೆ ಒತ್ತಿ ಹಿಡಿದಳು. ವುಬ್ಬೊ ಏನು ಮಾಡಬೇಕೆಂದು ತಿಳಿಯದೆ ಅವಳ ಕೈಗೆ ಒಂದು ತುಂಡು ಚೀಸ್ ಕೊಟ್ಟ.

ಮರುದಿನ ಬೆಳಿಗ್ಗೆ ಹಳೆ ಸಾಮಾನಿನ ಅಂಗಡಿ ತೆರೆಯುವ ಮುಂಚೆಯೇ ಇಬ್ಬರೂ ಬಾಗಿಲಲ್ಲಿದ್ದರು. ಗಲ್ಲಾದಲ್ಲಿ ಕೂತಿದ್ದ ದಪ್ಪ ಕನ್ನಡಕದ ಹೆಂಗಸು ಅವರ ಮಾತು ಕೇಳಿ ನಕ್ಕಳು. "ಕಾಲುವೆ ಚಿತ್ರನಾ? ಹಿಂದಿನ ಗೋಡೆಗೆ ಹೋಗಿ. ಹಸು ಇರೋದು, ಗಾಳಿಗಿರಣಿ ಇರೋದು, ಹಿಮ ಬಿದ್ದಿರೋದು, ಯಾವುದು ಬೇಕಾದ್ರೂ ಇದೆ. ಸತ್ತೋರ ಮನೇದೆಲ್ಲಾ ಇಲ್ಲಿಗೇ ಬರೋದು."

ಗೋಡೆ ತುಂಬ ನಿಜಕ್ಕೂ ಕಾಲುವೆಗಳಿದ್ದವು. ಇಷ್ಟು ಮನೆಗಳ ಸೋಫಾದ ಮೇಲೆ ಇಷ್ಟು ಕಾಲುವೆಗಳಿದ್ದವು, ಅವನ್ನೆಲ್ಲ ಒಂದು ಕಾಲಕ್ಕೆ ಯಾರೋ ದಿನಾ ನೋಡಿಕೊಂಡು ಕಾಫಿ ಕುಡಿದಿದ್ದರು. ಫೆನ್ನಾ ಒಂದೊಂದನ್ನೂ ನೋಡಿದಳು. ವುಬ್ಬೊ ನೆಲದ ಮೇಲೆ ಮಂಡಿಯೂರಿ, ಗೋಡೆಗೆ ಒರಗಿಸಿದ್ದವನ್ನು ಪುಸ್ತಕದ ಹಾಳೆ ಮಗುಚುವ ಹಾಗೆ ಮಗುಚಿ ನೋಡಿದ. ಅವರದು ಇರಲಿಲ್ಲ.

"ಬಿಳೀ ತೊಲೆ ಇರೋ ಎತ್ತೋ ಸೇತುವೆ ಕಣ್ರೀ, ಮೇಲೆ ಏಪ್ರನ್ ಕಟ್ಟಿಕೊಂಡ ಒಬ್ಬ ಹೆಂಗಸು ಇದಾಳೆ" ಎಂದು ವುಬ್ಬೊ ಮತ್ತೆ ಗಲ್ಲಾದ ಹತ್ತಿರ ಹೋಗಿ ಹೇಳಿದ.

"ಓ, ಆ ಬಕೆಟ್ ಇರೋದಾ?"

"ಅದರಲ್ಲಿ ಬಕೆಟ್ ಇಲ್ಲ" ಎಂದು ಇಬ್ಬರೂ ಒಟ್ಟಿಗೇ ಹೇಳಿದರು.

"ಇತ್ತೋ ಇಲ್ವೋ, ಸೇತುವೆ ಇದ್ದದ್ದು ಹೋಯ್ತು. ಯಾಂಟಿನಾ ಅಂತ ಒಬ್ಬರು ತಗೊಂಡ್ರು. ಮಾರೋಕಿಟ್ಟಿದ್ದ ಸೋಫಾ ಮೇಲೇ ಕೂತು ತೊಡೆ ಮೇಲಿಟ್ಕೊಂಡು ನೋಡ್ತಾ ಇದ್ರು, ಬಾಗಿಲು ಹಾಕೋ ಹೊತ್ತಾಯ್ತು ಏಳಿ ಅಂತ ನಾನೇ ಎಬ್ಬಿಸ್ಬೇಕಾಯ್ತು. ನೋಡಿ, ಗಿರಾಕಿಗಳ ವಿಳಾಸ ನಾವು ಹೇಳೋ ಹಾಗಿಲ್ಲ." ಹಾಗೆಂದು ಆಕೆ ಸುತ್ತ ಒಮ್ಮೆ ನೋಡಿದಳು. "ಆದ್ರೆ ಹಳೇ ಕಾಲುವೆ ಬೀದೀಲಿ ಕಿಟಕಿಯಲ್ಲಿ ಹಿತ್ತಾಳೆಯ ಹಡಗಿನ ದೀಪ ಇಟ್ಟಿರೋ ಮನೆ ಒಂದೇ ಇರೋದು."

ಹಳೆ ಕಾಲುವೆ ಬೀದಿ ಎಂದರೆ ಅವರು ಹುಟ್ಟಿದ ಜಾಗವೇ. ನೀರಿದ್ದಲ್ಲಿ ಈಗ ಅಗಲವಾದ ಹುಲ್ಲಿನ ಪಟ್ಟಿ, ಕಾರು ನಿಲ್ಲಿಸುವ ಗೆರೆಗಳು. ಸೇತುವೆಯ ಮನೆಯಿದ್ದಲ್ಲಿ ಬಸ್ ನಿಲ್ದಾಣ. ಇಬ್ಬರೂ ಈ ದಾರಿಯನ್ನು ಸಾಧ್ಯವಾದಷ್ಟು ತಪ್ಪಿಸಿಕೊಂಡೇ ಓಡಾಡುತ್ತಿದ್ದರು. ಇವತ್ತು ವುಬ್ಬೊ ಕಾರನ್ನು ನಿಧಾನಕ್ಕೆ ಬಿಟ್ಟ. ನಮ್ಮೂರಿನಲ್ಲಿ ಕಿಟಕಿಗೆ ಪರದೆ ಎಳೆಯುವ ರೂಢಿಯಿಲ್ಲ. ಹಿತ್ತಾಳೆ ದೀಪದ ಹಿಂದೆ ಒಳಗೋಡೆಯ ಮೇಲೆ ಅವರ ಆಕಾಶ ರಸ್ತೆಗೇ ಕಾಣುತ್ತಿತ್ತು.

ಬಾಗಿಲು ತೆಗೆದ ಯಾಂಟಿನಾ ಇವರಿಗಿಂತ ದೊಡ್ಡವಳು, ಎಂಬತ್ತರ ಆಚೆಯವಳು, ಅಗಲ ಭುಜ, ಗಂಡಸಿನಂಥ ಕೈಗಳು. ಮುಂಚೆ ಹೇಳದೆ ಬಂದದ್ದಕ್ಕೆ ವುಬ್ಬೊ ಹೊಸ್ತಿಲಲ್ಲೇ ಕ್ಷಮೆ ಕೇಳಿದ. ಸ್ಟಿಕರಿನ ಕಥೆಯನ್ನು ಅರ್ಧ ಅವನು, ಅರ್ಧ ಅವಳು ಹೇಳಿದರು. ಯಾಂಟಿನಾ ಕೇಳುತ್ತ ಕೇಳುತ್ತ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ನೀವು ಸೇತುವೆಯಮ್ಮನ ಮಕ್ಕಳಾ? ಅಯ್ಯೋ, ಒಳಗೆ ಬನ್ನಿ. ಹೊಸ್ತಿಲಲ್ಲಿ ಯಾಕೆ ನಿಂತಿದೀರಾ."

ಕಾಫಿ ಬಸಿಯುತ್ತಲೇ ಅವಳು ತನ್ನ ಕಥೆ ಹೇಳಿದಳು. ಅವಳ ಅಪ್ಪನದು ಸರಕಿನ ದೋಣಿ. ಆಲೂಗಡ್ಡೆ ಹಂಗಾಮಿನಲ್ಲಿ ಆಲೂಗಡ್ಡೆ, ಇಲ್ಲದಾಗ ಒಲೆಗೆ ಸೌದೆಯ ಹಾಗೆ ಉರಿಸುವ ಕರಿಮಣ್ಣಿನ ಇಟ್ಟಿಗೆ. ಅವಳು ದೋಣಿಯಲ್ಲೇ ಹುಟ್ಟಿ ದೋಣಿಯಲ್ಲೇ ಬೆಳೆದವಳು. ಸೇತುವೆ ಬಂದಾಗ ಕೋಲಿನ ತುದಿಗೆ ಕಟ್ಟಿದ ಮರದ ಬೂಟು ಮೇಲಿಂದ ಇಳಿಯುವುದು, ಅದರೊಳಗೆ ಸುಂಕದ ಚಿಲ್ಲರೆ ಹಾಕುವುದು. "ಬೇರೆ ಸೇತುವೆಗಳಲ್ಲಿ ಅಷ್ಟೇ. ಬೂಟು ಇಳೀತು, ಬೂಟು ಏರ್ತು, ಹೋಗ್ತಾ ಇರು. ದೋಣಿಯೋರು ಅಂದ್ರೆ ದಡದೋರಿಗೆ ಕಳ್ಳರೇ. ನಿಮ್ಮಮ್ಮ ಹಾಗಲ್ಲ."

ಫೆನ್ನಾ ಅವಳ ಮಾತನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ಎದ್ದು ಚಿತ್ರದ ಹತ್ತಿರ ಹೋಗಿದ್ದಳು. ಇಷ್ಟು ದಿನ ಒಳಗೇ ಇಟ್ಟುಕೊಂಡಿದ್ದದ್ದು, ಇನ್ನು ಇಟ್ಟುಕೊಳ್ಳಲಾರದೆ, ಬಾಯಿಗೆ ಬಂದುಬಿಟ್ಟಿತು. "ಇದು ನಾನು" ಎಂದು ಬೆರಳು ಮಾಡಿ ತೋರಿಸಿದಳು. "ಅಮ್ಮನ ಪಕ್ಕ, ಕೆಂಪಗೆ. ನನ್ನ ಕೆಂಪು ಕೋಟು. ಅದಕ್ಕೇ ನಾವು ಕೇಳ್ಕೊಂಡು ಬಂದಿದ್ದು."

ವುಬ್ಬೊ ಕಾಫಿ ಕಪ್ಪನ್ನು ಕೆಳಗಿಟ್ಟ. "ಅಕ್ಕಾ, ಅದು ನಾನು."

"ಏನಂದೆ?"

"ನನ್ನ ಕೆಂಪು ಟೋಪಿ. ಅಮ್ಮ ಹೆಣೆದದ್ದು. ನನ್ನನ್ನ ಯಾವತ್ತೂ ಸೇತುವೆ ಹತ್ರ ಬಿಡ್ತಿರಲಿಲ್ಲ, ಉಸಿರು ಕಟ್ಟುತ್ತೆ, ಗಾಳಿ ಆಗಲ್ಲ ಅಂತ. ನೀನು ಮಾತ್ರ ಅಮ್ಮನ ಕೈಯಾಳು, ನೀನು ಮಾತ್ರ ಗಟ್ಟಿ. ನಾನು ಅತ್ತಾಗ ಅಮ್ಮ ಈ ಚಿತ್ರನ ಹಾಸಿಗೆ ಮೇಲೆ ತಂದಿಟ್ಟು ತೋರಿಸ್ತಿದ್ಲು. 'ಒಂದು ಸಲ ನಿನ್ನನ್ನ ಕರ್ಕೊಂಡು ಹೋಗಿದ್ದೆ ಕಣೋ, ನೋಡು, ನೀನೇ' ಅಂತ." ಅವನ ದನಿ ಚಿಕ್ಕ ಹುಡುಗನದಾಗಿತ್ತು. "ಅದೊಂದು ಸಲ ನಾನೂ ಸೇತುವೆ ಮೇಲೆ ಇದ್ದೆ ಅಂತ..."

"ನನಗೂ ಅಮ್ಮನೇ ಹೇಳಿದ್ದು" ಅಂದಳು ಫೆನ್ನಾ.

ಯಾಂಟಿನಾ ಇಬ್ಬರ ಮುಖವನ್ನೂ ನೋಡಿದಳು, ಕನ್ನಡಕ ಸರಿಮಾಡಿಕೊಂಡು ಚಿತ್ರವನ್ನು ನೋಡಿದಳು. ಹೇಳಲೋ ಬೇಡವೋ ಎಂದು ಒಂದು ಕ್ಷಣ ತುಟಿ ಕಚ್ಚಿ, ಕೊನೆಗೆ ಹೇಳಿಯೇಬಿಟ್ಟಳು.

"ಅದು ಬಕೆಟ್ ಅಲ್ವೇನಮ್ಮ?"

ಇಬ್ಬರೂ ಅವಳ ಕಡೆ ತಿರುಗಿದರು.

"ಕೆಂಪು ಬಕೆಟ್. ನಾನು ಹೇಳ್ತಾ ಇದ್ದದ್ದೂ ಅದೇ. ಬೇಸಿಗೇಲೂ ಕಾಲುವೆ ನೀರು ಬಾಯಿಗಿಡೋ ಹಾಗಿರಲಿಲ್ಲ. ನಿಮ್ಮಮ್ಮ ಒಂದು ಬಕೆಟ್ ಕುಡಿಯೋ ನೀರು ತುಂಬಿ ಸೇತುವೆ ಮೇಲೆ ಇಟ್ಕೊಂಡೇ ನಿಂತಿರೋರು. ದೋಣಿ ಕೆಳಗೆ ಬರ್ತಿದ್ದ ಹಾಗೆ ಹಗ್ಗ ಕಟ್ಟಿ ಇಳಿಸೋರು, ನಾವು ಹೂಜಿ ತುಂಬಿಸ್ಕೊಳ್ಳೋವರೆಗೂ ಎಳ್ಕೊಳ್ತಿರಲಿಲ್ಲ. ಇಡೀ ಕಾಲುವೇಲಿ ಅವರೊಬ್ಬರೇ. ಆ ಬಕೆಟ್ ನೋಡೇ ನಾನು ಈ ಚಿತ್ರ ತಗೊಂಡಿದ್ದು." ಅವಳು ತಡೆದು, ಮೆಲ್ಲಗೆ ಸೇರಿಸಿದಳು. "ಮಕ್ಕಳನ್ನ ನಾನು ಆ ಸೇತುವೆ ಮೇಲೆ ಯಾವತ್ತೂ ನೋಡಲಿಲ್ಲ. ಸರಪಳಿಗೆ ಕೈ ಸಿಕ್ಕೀತು ಅಂತ ಹತ್ತಿರಾನೇ ಬಿಡ್ತಿರಲಿಲ್ಲವಂತೆ, ನಮ್ಮಮ್ಮನ ಹತ್ರ ಹೇಳ್ತಿದ್ರು."

ಫೆನ್ನಾ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದಳು. ಕೆಂಪಿನ ಮೇಲೆ ಕೂದಲೆಳೆಯಷ್ಟು ಕಪ್ಪು ಕಮಾನು ಇತ್ತು. ಬಕೆಟ್ಟಿನ ಹಿಡಿ. ಬಾಲ್ಯದಿಂದ ನೋಡಿದ್ದ ಚಿತ್ರ, ಹಿಡಿ ಮಾತ್ರ ಇವತ್ತು ಕಂಡಿತು. ಆ ಬಕೆಟ್ಟನ್ನು ಅವಳೇ ಎಷ್ಟು ಸಲ ಪಂಪಿನ ಹತ್ತಿರ ಹೊತ್ತುಕೊಂಡು ಹೋಗಿದ್ದಳೋ. ತಿರುಗಿ ತಮ್ಮನನ್ನು ನೋಡಿದಳು. ಅವನ ತುಟಿ ಅದುರುತ್ತಿತ್ತು. ಅಳುತ್ತಾನೆ ಎಂದುಕೊಂಡಳು, ಅವನು ನಕ್ಕುಬಿಟ್ಟ.

"ಬಕೆಟ್ಟು ಕಣಕ್ಕ! ಜೀವಮಾನವಿಡೀ ಒಂದು ಬಕೆಟ್ಟನ್ನ ನಾವೇ ಅಂದ್ಕೊಂಡಿದ್ವಾ?"

"ಕಳ್ಳಿ ಅಮ್ಮ" ಅಂದಳು ಫೆನ್ನಾ. "ಇಬ್ಬರಿಗೂ ಟೋಪಿ ಹಾಕಿದ್ಲು." ಅವಳಿಗೂ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಯಾಂಟಿನಾಳ ಸೋಫಾದ ಮೇಲೆ ಕುಸಿದು ಕೂತಳು, ಅತ್ತಳು, ಮತ್ತೆ ನಕ್ಕಳು. ಯಾಂಟಿನಾ ಏನೂ ಕೇಳದೆ ಇಬ್ಬರ ಕಪ್ಪಿಗೂ ಮತ್ತೆ ಕಾಫಿ ಸುರಿದಳು.

ಹೊರಡುವಾಗ ಅವಳೇ ಚಿತ್ರವನ್ನು ಮೊಳೆಯಿಂದ ಇಳಿಸಿದಳು. ವುಬ್ಬೊ ಜೇಬಿಗೆ ಕೈ ಹಾಕಿದ್ದೇ ತಡ, "ಆ ಕೈ ಹೊರಗೆ ತೆಗಿ" ಎಂದು ಗದರಿದಳು. "ನಿಮ್ಮಮ್ಮ ನೀರಿಗೆ ದುಡ್ಡು ಇಸ್ಕೊಂಡ್ರಾ? ತಗೊಂಡು ಹೋಗಿ. ನಾನು ನೋಡಿದ್ದಾಯ್ತು." ಆದರೆ ಕೈಗೆ ಕೊಡುವ ಮುಂಚೆ ತೋಳಿನಿಂದ ಗಾಜನ್ನು ಒರೆಸಿದಳು, ಒರೆಸಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದಳು. ಗುರುವಾರ ಕಾಫಿಗೆ ಬರುತ್ತೇವೆ ಎಂದು ಫೆನ್ನಾ ಹೇಳಿದಳು. ಬರುವುದಾದರೆ ಮುಂಚೆ ಫೋನು ಮಾಡಿ ಎಂದು ಯಾಂಟಿನಾ ಹೇಳಿದಳು.

ಚಿತ್ರವನ್ನು ಕಾರಿನ ಹಿಂದಿನ ಸೀಟಿನಲ್ಲಿ ಒರಗಿಸಿ ಇಬ್ಬರೂ ಮುಂದೆ ಕೂತರು. ವುಬ್ಬೊ ಕೀಲಿ ತಿರುಗಿಸಲಿಲ್ಲ.

"ಸರಿ, ನಿನ್ನ ಮನೆಗೆ ಬಿಡ್ತೀನಿ. ಹಾಕ್ಕೊಳೋಕೆ ಮೊಳೆ ಇದೆಯಾ?" ಅಂದ.

ಹೂಂ ಅನ್ನುವುದು ಸುಲಭವಿತ್ತು. ಬೇಡ, ನೀನೇ ಇಟ್ಟುಕೋ ಅನ್ನುವುದು ಇನ್ನೂ ಸುಲಭ, ಅದು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಚಿತ್ರದಲ್ಲಿ ತಾನು ಇಲ್ಲ, ಅವನೂ ಇಲ್ಲ, ಅಮ್ಮ ಇದ್ದಾಳೆ, ಅಷ್ಟೆ. ಆದರೂ ಅದು ತನಗೆ ಮೊದಲಿಗಿಂತ ಹೆಚ್ಚು ಬೇಕು ಅನ್ನಿಸಿ ಫೆನ್ನಾಳಿಗೆ ತನ್ನ ಮೇಲೇ ಆಶ್ಚರ್ಯವಾಯಿತು.

"ನಿನಗೆ ಬೇಡ್ವಾ?" ಎಂದು ಕೇಳಿದಳು. "ನಿಜ ಹೇಳು."

ವುಬ್ಬೊ ಸ್ಟಿಯರಿಂಗನ್ನು ಹೆಬ್ಬೆರಳಿನಿಂದ ಉಜ್ಜಿದ. ಕಿವಿ ಕೆಂಪಾಯಿತು.

"ಬೇಕು" ಅಂದ.

"ನನಗೂ ಬೇಕು."

"ನನ್ನ ಸೋಫಾ ಮೇಲೆ ಜಾಗ ಇದೆ. ಗಡಿಯಾರ ತೆಗೆದ್ರಾಯ್ತು."

"ನಾನು ಒಬ್ಬಳೇ ಇರ್ತೀನಿ ಕಣೋ. ನಿನಗೆ ಗ್ರೀತ್ ಇದಾಳೆ, ಮೊಮ್ಮಕ್ಕಳು ಬರ್ತಾರೆ."

"ಅದಕ್ಕೂ ಇದಕ್ಕೂ ಏನಕ್ಕ ಸಂಬಂಧ? ಇದು ಅನ್ಯಾಯ. ಸಕ್ಕರೆ ಡಬ್ಬಿ ನೀನೇ ತಗೊಂಡೆ!"

"ಸಕ್ಕರೆ ಡಬ್ಬಿ! ನಾಳೆನೇ ಬಂದು ಹೊತ್ಕೊಂಡು ಹೋಗು ನಿನ್ನ ಸಕ್ಕರೆ ಡಬ್ಬಿನ!"

ಯಾಂಟಿನಾ ದೀಪದ ಪಕ್ಕ ಕಿಟಕಿಯಲ್ಲಿ ನಿಂತು ನೋಡಿದಳು. ಕಾರು ಹೊರಡಲೇ ಇಲ್ಲ. ಒಳಗೆ ಇಬ್ಬರೂ ಕೈ ಬೀಸಿಕೊಂಡು ಒಟ್ಟಿಗೇ ಮಾತಾಡುತ್ತಿದ್ದರು, ಒಬ್ಬರ ಮಾತನ್ನು ಇನ್ನೊಬ್ಬರು ಮುಗಿಸಲು ಬಿಡುತ್ತಿರಲಿಲ್ಲ. ಆಮೇಲೆ ಅದೂ ಕಾಣದಾಯಿತು, ಕಾರಿನ ಗಾಜುಗಳೆಲ್ಲ ಒಳಗಿನಿಂದ ಮಂಜು ಕಟ್ಟಿಕೊಂಡಿದ್ದವು.